ಹಂಡೆ ಒಲೆಯ ಬೂದಿ: ಹೊಸದಾಗಿ ಬಂದ ಕುಟುಂಬಗಳಿಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಬಾಡಿಗೆಗೆ ಸಿಗುವ ಹಳೆಯ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಇದ್ದರೂ ಬಚ್ಚಲಲ್ಲಿ ಹಂಡೆ ಒಲೆ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟರೆ ಸ್ನಾನದ ನೀರಿಗೆ ಅದೇ ಗತಿ. ಸೌದೆ ಹೊತ್ತಿಸುವುದು ಬೇಗ ರೂಢಿಯಾಗುತ್ತದೆ. ಹೊಸಬರು ಎಡವುವುದು ಬೂದಿಯ ವಿಷಯದಲ್ಲಿ.

ಮೊದಲು ಒಲೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಸೌದೆ ಕೂರುವ ಜಾಗದಲ್ಲಿ ಕಬ್ಬಿಣದ ಜಾಲರಿ ಇದೆಯೋ ಇಲ್ಲವೋ?

ಜಾಲರಿ ಇಲ್ಲದಿದ್ದರೆ ಬೂದಿಯನ್ನು ಪೂರ್ತಿ ಬಳಿಯಬೇಡಿ. ತಳದಲ್ಲಿ ಒಂದು ಅಂಗುಲದಷ್ಟು ಬಿಡಿ. ಕೆಂಡದ ಕಾವು ನೆಲಕ್ಕೆ ಇಳಿದು ಹೋಗದಂತೆ ಅದು ತಡೆಯುತ್ತದೆ, ಮರುದಿನ ಬೆಂಕಿ ಬೇಗ ಹತ್ತುತ್ತದೆ. ಎರಡು ಅಂಗುಲ ದಾಟಿದರೆ ಮಾತ್ರ ಮೇಲಿನದನ್ನು ತೆಗೆಯಿರಿ. ಇಲ್ಲದಿದ್ದರೆ ಸೌದೆ ಹಂಡೆಯ ತಳಕ್ಕೆ ತಾಗುವಷ್ಟು ಮೇಲೆ ಬರುತ್ತದೆ. ಉರಿ ಆಡಲು ಜಾಗವಿಲ್ಲದೆ ಹೊಗೆ ಬಾಯಿಯ ಕಡೆಗೇ ತಿರುಗುತ್ತದೆ.

ಜಾಲರಿ ಇದ್ದರೆ ಲೆಕ್ಕ ತಿರುಗುಮುರುಗು. ಅಲ್ಲಿ ಗಾಳಿ ಜಾಲರಿಯ ಕೆಳಗಿನಿಂದ ಏರಬೇಕು, ಹಾಗಾಗಿ ಕೆಳಗಿನ ಗೂಡನ್ನು ಪ್ರತಿದಿನ ಒಲೆ ಹಚ್ಚುವ ಮುಂಚೆ ಖಾಲಿ ಮಾಡಿ. ಬೂದಿ ಜಾಲರಿಯ ತಳಕ್ಕೆ ಮುಟ್ಟುವವರೆಗೆ ಬಿಟ್ಟರೆ ಉರಿ ಮಂಕಾಗುವುದಷ್ಟೇ ಅಲ್ಲ, ಕಂಬಿಗಳನ್ನು ತಂಪಾಗಿಡುವ ಗಾಳಿಯೂ ನಿಂತು ಅವು ಬಾಗುತ್ತವೆ. ತೆಂಗಿನ ಚಿಪ್ಪು ಉರಿಸುವ ಮನೆಗಳಲ್ಲಿ ಇದು ಇನ್ನೂ ಬೇಗ. ಕಂಬಿಗಳ ಸಂದನ್ನು ಒಂದು ಸರಳಿನಿಂದ ಕೆರೆಯುತ್ತಿರಿ.

ಅಸ್ತ್ರ ಒಲೆ ಇದ್ದರೆ ಇನ್ನೊಂದು ಕೆಲಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಈ ಒಲೆಯಲ್ಲಿ ಬಿಸಿಗಾಳಿ ಒಂದು ಪಾತ್ರೆಯ ಅಡಿಯಿಂದ ಮುಂದಿನದಕ್ಕೆ ಹರಿದು ಚಿಮಣಿ ಸೇರುತ್ತದೆ. ಹಾರುಬೂದಿ ಆ ದಾರಿಯಲ್ಲೇ ಕೂರುತ್ತದೆ. ಹಿಂದಿನ ಪಾತ್ರೆ ಬಿಸಿಯಾಗುತ್ತಿಲ್ಲ, ಮುಂದಿನಿಂದ ಹೊಗೆ ಬರುತ್ತಿದೆ ಎಂದರೆ ಪಾತ್ರೆ ಇಳಿಸಿ, ಒಲೆ ಆರಿದ ಮೇಲೆ, ಆ ಸಂದಿಗೆ ಕೈಹಾಕಿ ಬಳಿಯಿರಿ. ಚಿಮಣಿಯೊಳಗಿನ ಮಸಿಯನ್ನು ಮಳೆ ಹಿಡಿಯುವ ಮೊದಲು ಒಮ್ಮೆ ತೆಗೆಸಿ.

ಎಷ್ಟು ಬೂದಿ ಬರಬೇಕು? ಚೆನ್ನಾಗಿ ಒಣಗಿದ ಸೌದೆ ಹತ್ತು ಕಿಲೋ ಉರಿದರೆ ಬೂದಿ ನೂರು ಗ್ರಾಂ ಆಸುಪಾಸು. ತೊಗಟೆ ಜಾಸ್ತಿ ಇದ್ದರೆ ಇನ್ನಷ್ಟು. ದಿನಾ ಅರ್ಧ ಬಕೆಟ್ ಬರುತ್ತಿದೆ ಎಂದರೆ ಅದರಲ್ಲಿ ಬಹುಪಾಲು ಇದ್ದಿಲು. ಹಳೆಯ ಜರಡಿಯಲ್ಲಿ ಒಮ್ಮೆ ಜಾಲಿಸಿ ನೋಡಿ: ನುಣ್ಣನೆಯ ಬಿಳಿಬೂದಿ ಕೆಳಗೆ ಇಳಿಯುತ್ತದೆ, ಕಡಲೆಕಾಳಿನಷ್ಟು ಕಪ್ಪು ತುಂಡುಗಳು ಮೇಲೆ ಉಳಿಯುತ್ತವೆ. ಕಪ್ಪು ತುಂಡು ಹೆಚ್ಚಿದ್ದರೆ ಸೌದೆ ಹಸಿ, ಇಲ್ಲವೇ ಗಾಳಿ ಸಾಲದು. ಆ ತುಂಡುಗಳನ್ನು ಒಲೆಗೇ ವಾಪಸ್ ಹಾಕಿ.

ಇನ್ನು ಬೂದಿ ಮುಚ್ಚಿದ ಕೆಂಡದ ವಿಚಾರ. ಬೆಂಕಿ ಅನಾಹುತದ ದಾರಿ ಇದೇ ಆದ್ದರಿಂದ ಗಮನವಿಟ್ಟು ಓದಿ. ಮೇಲೆ ಕೈಗೆ ತಣ್ಣಗಿದ್ದರೂ ಒಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದುಕೊಂಡಿರುತ್ತದೆ. ಬೂದಿಯನ್ನು ತಗಡಿನ ಡಬ್ಬಕ್ಕೇ ತುಂಬಿ, ತಗಡಿನ ಮುಚ್ಚಳ ಹಾಕಿ, ಮನೆಯ ಹೊರಗೆ ಕಲ್ಲಿನ ಮೇಲೋ ಬರಿನೆಲದ ಮೇಲೋ ನಾಲ್ಕು ದಿನ ಇಡಿ. ಪ್ಲಾಸ್ಟಿಕ್ ಬಕೆಟ್, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಬೇಡವೇ ಬೇಡ. ಸೌದೆ ಕೊಟ್ಟಿಗೆಯ ಪಕ್ಕದಲ್ಲಿ ಇಡಬೇಡಿ, ಬಿಸಿಬೂದಿಯನ್ನು ಕಸದ ಗಾಡಿಗೂ ಕೊಡಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ನಿಂತಿರುತ್ತದೆ. ಆಗ ಬೇಲಿಯಾಚೆ ಬೂದಿ ಸುರಿಯುವುದು ಗುಡ್ಡಕ್ಕೆ ಬೆಂಕಿ ಇಟ್ಟಂತೆಯೇ. ವ್ಯಾಕ್ಯೂಮ್ ಕ್ಲೀನರ್ ಹಿಡಿಯುವವರೂ ಇದ್ದಾರೆ. ಒಂದು ಕಿಡಿ ಸಾಕು, ಒಳಗಿನ ಚೀಲ ಹೊತ್ತಿಕೊಳ್ಳಲು.

ಬಿಸಿ ಒಲೆಗೆ ನೀರು ಎರಚಬೇಡಿ: ಬೂದಿ ಮುಖಕ್ಕೆ ಹಾರುತ್ತದೆ, ಇಟ್ಟಿಗೆ ಬಿರುಕು ಬಿಡುತ್ತದೆ. ಚಳಿ ಎಂದು ಕೆಂಡವನ್ನು ಬಾಣಲೆಯಲ್ಲಿ ತುಂಬಿ ಬಾಗಿಲು ಹಾಕಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗುವುದಂತೂ ಜೀವಕ್ಕೇ ಅಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆರಿದ ಬೂದಿ ತೋಟಕ್ಕೆ ಒಳ್ಳೆಯದು. ಜಡಿಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಲೆನಾಡಿನ ಮಣ್ಣು ಹುಳಿಯಾಗಿರುತ್ತದೆ. ಬೂದಿ ಅದನ್ನು ಸ್ವಲ್ಪ ಸರಿಪಡಿಸಿ ಪೊಟ್ಯಾಷ್ ಕೊಡುತ್ತದೆ. ಬಾಳೆ, ತೆಂಗು, ಕಾಫಿ ಗಿಡಗಳ ಸುತ್ತ ಬುಡ ಬಿಟ್ಟು ಒಂದಡಿ ದೂರದಲ್ಲಿ ತೆಳ್ಳಗೆ ಉದುರಿಸಿ ಮಣ್ಣಿಗೆ ಬೆರೆಸಿ. ಒಂದೇ ಕಡೆ ಗುಡ್ಡೆ ಹಾಕಬೇಡಿ. ಯೂರಿಯಾ ಜೊತೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ದುಡ್ಡು ದಂಡ. ಹಾಸನದ ಕಡೆ ಹಿತ್ತಲಲ್ಲಿ ಆಲೂಗಡ್ಡೆ ಹಾಕುವವರು ಆ ಪಾತಿಗೆ ಬೂದಿ ಹಾಕದಿರುವುದೇ ವಾಸಿ. ಗೆಡ್ಡೆಯ ಸಿಪ್ಪೆಯ ಮೇಲೆ ಕಜ್ಜಿಯಂಥ ಒರಟು ಕಲೆ ಜಾಸ್ತಿಯಾಗುತ್ತದೆ. ಹಾಲಿನ ಪ್ಯಾಕೆಟ್, ಪ್ಲೈವುಡ್, ಬಣ್ಣ ಬಳಿದ ಮರ ಸುಟ್ಟ ಬೂದಿ ತರಕಾರಿ ಪಾತಿಗೆ ಬೇಡ. ನಿಜ ಹೇಳಬೇಕೆಂದರೆ ಅವನ್ನು ಒಲೆಗೆ ಹಾಕುವುದೇ ತಪ್ಪು.

ಪಾತ್ರೆ ಉಜ್ಜಲು ಜರಡಿ ಹಿಡಿದ ಬೂದಿ ಸಾಕು, ಆದರೆ ಅಲ್ಯೂಮಿನಿಯಂ ಪಾತ್ರೆಗೆ ತಾಗಿಸಬೇಡಿ, ಕಪ್ಪಾಗುತ್ತದೆ. ಒದ್ದೆಬೂದಿ ಚರ್ಮವನ್ನೂ ಸುಡುವಷ್ಟು ಕ್ಷಾರ, ಹಾಗಾಗಿ ಉಜ್ಜಿದ ಮೇಲೆ ಕೈಯನ್ನು ಚೆನ್ನಾಗಿ ತೊಳೆಯಿರಿ.