ಯಂತ್ರ ಬಿಡಿಸಿ ಚಿತ್ರ ಬಿಡಿಸುವುದು: ಲಿಯೊನಾರ್ಡೊನ ಭಾರ ಎತ್ತುವ ಯಂತ್ರ

ಮಿಲಾನಿನ ಆಂಬ್ರೋಸಿಯಾನಾ ಗ್ರಂಥಾಲಯದಲ್ಲಿರುವ ಚಿತ್ರ-ಟಿಪ್ಪಣಿಗಳ ಸಂಪುಟ ಕೋಡೆಕ್ಸ್ ಅಟ್ಲಾಂಟಿಕಸ್‌ನ 30ನೇ ಹಾಳೆಯ ಹಿಂಬದಿಯಲ್ಲಿ ಲಿಯೊನಾರ್ಡೊ ಡ ವಿಂಚಿ ಒಂದೇ ಯಂತ್ರವನ್ನು ಎರಡು ಸಲ ಬರೆದಿದ್ದಾನೆ. ಎಡಗಡೆ ಜೋಡಿಸಿದ್ದು, ಬಲಗಡೆ ಒಂದೊಂದೇ ಭಾಗ ಕಳಚಿ ಸಾಲಾಗಿ ಇಟ್ಟದ್ದು. ನಕಲು ಮಾಡುವಾಗ ನಾನು ಬಲಗಡೆಯದ್ದನ್ನೇ ಮೊದಲು ಬರೆಯುತ್ತೇನೆ. ಒಳಗೆ ಏನಿದೆ ಎಂದು ತಿಳಿಯದೆ ಎಡಗಡೆಯದ್ದನ್ನು ಬರೆದರೆ ಅದು ಬರೀ ಗೆರೆಗಳ ಗೋಜಲು.

ಕೆಲಸ ನಡೆಯುವುದು ಹೀಗೆ. ಸನ್ನೆಯನ್ನು ಹಿಂದಕ್ಕೂ ಮುಂದಕ್ಕೂ ತೂಗಿದರೆ ಚೌಕ ಅಚ್ಚು ತಿರುಗುತ್ತದೆ. ಅಚ್ಚಿನ ಮೇಲೆ ಎರಡು ಬಿಲ್ಲೆ, ಬಿಲ್ಲೆಗಳಲ್ಲಿ ಕೊಕ್ಕೆ. ಪ್ರತಿ ಬಿಲ್ಲೆಯ ಸುತ್ತ ಒಂದು ಬಳೆ: ಒಳಗೆ ಓರೆ ಹಲ್ಲು, ಪಕ್ಕದ ಮುಖದಲ್ಲಿ ಗೂಟದ ಹಲ್ಲು. ಎರಡೂ ಬಳೆಗಳ ಗೂಟಗಳು ನಡುವಿನ ಲ್ಯಾಂಟರ್ನ್ ಪಿನಿಯನ್‌ಗೆ, ಅಂದರೆ ಎರಡು ಪುಟ್ಟ ತಟ್ಟೆಗಳ ನಡುವೆ ಕಡ್ಡಿ ನೆಟ್ಟ ಗಾಲಿಗೆ, ಎದುರುಬದುರು ಕಚ್ಚುತ್ತವೆ. ಸನ್ನೆ ಮುಂದೆ ಹೋದಾಗ ಒಂದು ಬಳೆ ಎಳೆಯುತ್ತದೆ, ಇನ್ನೊಂದು ಕೊಕ್ಕೆಯ ಮೇಲೆ ಜಾರುತ್ತದೆ. ಹಿಂದೆ ಬಂದಾಗ ಅದಲುಬದಲು. ಪಿನಿಯನ್ ಮಾತ್ರ ಸದಾ ಒಂದೇ ದಿಕ್ಕಿಗೆ ತಿರುಗಿ ಕಲ್ಲನ್ನು ಮೇಲೆತ್ತುತ್ತದೆ.

ಹೆಚ್ಚಿನ ನಕಲುಗಳು ಕೆಡುವುದು ಇಲ್ಲೇ. ಒಂದು ಬಳೆ ಬರೆದು, ಟ್ರೇಸಿಂಗ್ ಹಾಳೆಯಲ್ಲಿ ಅದನ್ನೇ ಎರಡನೇ ಸಲ ಒತ್ತಿಬಿಡುತ್ತಾರೆ. ಆಗ ಎರಡರ ಓರೆ ಹಲ್ಲೂ ಒಂದೇ ಕಡೆ ಬಾಗುತ್ತವೆ. ಅಂಥ ಯಂತ್ರವನ್ನು ನಿಜಕ್ಕೂ ಮಾಡಿದರೆ ಎರಡು ಬಳೆಗಳೂ ಪಿನಿಯನ್ನನ್ನು ವಿರುದ್ಧ ದಿಕ್ಕಿಗೆ ತಳ್ಳಿ ಮೊದಲ ತೂಗಿಗೇ ಬಿಗಿದುಕೊಳ್ಳುತ್ತದೆ. ಒಂದರ ಹಲ್ಲು ಬಲಕ್ಕೆ ಬಾಗಿದ್ದರೆ ಇನ್ನೊಂದರದು ಎಡಕ್ಕೆ ಬಾಗಿರಲೇಬೇಕು. ಗೂಟಗಳು ಒಂದಕ್ಕೊಂದು ಮುಖ ಮಾಡಿರುವುದರಿಂದ, ಒಂದು ಬಳೆಯ ಗೂಟ ಪೂರ್ತಿ ಕಾಣುತ್ತದೆ, ಇನ್ನೊಂದರ ಬೆನ್ನಷ್ಟೇ ಕಾಣುತ್ತದೆ.

ಅಳತೆಗಳನ್ನು ನಾನು ಹೀಗೆ ಇಟ್ಟುಕೊಂಡಿದ್ದೇನೆ. ಎ3 ಹಾಳೆಯಲ್ಲಿ ಮೊದಲು ಅಚ್ಚಿನ ನಡುಗೆರೆ. ಮಸಿಯಿಲ್ಲದ ಮೊಂಡು ಸೂಜಿಯಿಂದ ಒತ್ತಿ ಎಳೆದರೆ ಸಾಕು, ಅಳಿಸುವ ಗೊಡವೆ ಇಲ್ಲ. ಬಳೆಯ ದೀರ್ಘವೃತ್ತಕ್ಕೆ ಉದ್ದ 80 ಮಿ.ಮೀ., ಅಗಲ 40. ಈ ಓರೆಯಲ್ಲಿ ಅಚ್ಚಿನ ಉದ್ದ 0.87 ಪಟ್ಟು ಕುಗ್ಗುತ್ತದೆ, 150 ಮಿ.ಮೀ. ಇದ್ದದ್ದು 130 ಆಗುತ್ತದೆ. ದೀರ್ಘವೃತ್ತದ ಉದ್ದನೆಯ ವ್ಯಾಸ ಅಚ್ಚಿಗೆ ಲಂಬವಾಗಿರಬೇಕು. ಒಂದೆರಡು ಡಿಗ್ರಿ ವಾಲಿದರೂ ಗಾಲಿ ಅಚ್ಚಿನಿಂದ ಕಳಚಿ ಬೀಳುವಂತೆ ಕಾಣುತ್ತದೆ.

ಹಲ್ಲಿಗೆ 24 ಭಾಗ. ಉದ್ದನೆಯ ವ್ಯಾಸದ ಮೇಲೆ ಪೂರ್ತಿ ವೃತ್ತ ಎಳೆದು, ಕೈವಾರದ ತ್ರಿಜ್ಯದಿಂದಲೇ ಆರು ಭಾಗ ಮಾಡಿ, ಎರಡು ಸಲ ಅರ್ಧಿಸಿದರೆ 24. ಆ ಬಿಂದುಗಳಿಂದ ಉದ್ದನೆಯ ವ್ಯಾಸಕ್ಕೆ ಲಂಬ ಇಳಿಸಿದರೆ ದೀರ್ಘವೃತ್ತದ ಮೇಲೆ ಹಲ್ಲಿನ ಜಾಗ ಸಿಗುತ್ತದೆ. ತುದಿಗಳಲ್ಲಿ ಹಲ್ಲು ಒತ್ತೊತ್ತಾಗಿ ಬರುವುದು ಸರಿಯೇ. ಕಣ್ಣಂದಾಜಿನಲ್ಲಿ ಸಮ ಅಂತರ ಇಟ್ಟವರ ಗಾಲಿ ಚಪ್ಪಟೆಯಾಗುತ್ತದೆ.

ಮಸಿಗೆ ಬೇಕಾದ್ದೆಲ್ಲ ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ: ಮಾಚಿಕಾಯಿ 30 ಗ್ರಾಂ, ಅನ್ನಭೇದಿ (ಕಬ್ಬಿಣದ ಸಲ್ಫೇಟ್) 10 ಗ್ರಾಂ, ಗೋಂದು 10 ಗ್ರಾಂ, ಭಟ್ಟಿ ಇಳಿಸಿದ ನೀರು 300 ಮಿ.ಲೀ. ಮಾಚಿಕಾಯಿಯನ್ನು ಜಜ್ಜಿ ಗಾಜಿನ ಪಾತ್ರೆಯಲ್ಲಿ ಮೂರು ದಿನ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಅನ್ನಭೇದಿ ಕದಡಿ, ಕೊನೆಗೆ ಗೋಂದು. ಕಪ್ಪಾಗಲಿ ಎಂದು ಅನ್ನಭೇದಿ ಹೆಚ್ಚಿಸಬೇಡಿ. ಹೆಚ್ಚಾದ ಕಬ್ಬಿಣ ಕಾಗದವನ್ನೇ ತಿನ್ನುತ್ತದೆ, ಹಳೆಯ ಹಸ್ತಪ್ರತಿಗಳಲ್ಲಿ ಗೆರೆಯ ಜಾಗ ಕಂದಾಗಿ ತೂತುಬಿದ್ದಿರುವುದು ಇದರಿಂದಲೇ. ಕಾಗದ ಜೆಲಟಿನ್ ಹಚ್ಚಿದ ಬಟ್ಟೆನಾರಿನದು ಇರಲಿ, ಇಲ್ಲದಿದ್ದರೆ ಗೆರೆ ಹರಡುತ್ತದೆ.

ಲಿಯೊನಾರ್ಡೊ ಎಡಚ. ಅವನ ನೆರಳಿನ ಓರೆಗೆರೆಗಳು ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುತ್ತವೆ. ಬಲಗೈಯವರಿಗೆ ಆ ಇಳಿಜಾರು ಒಗ್ಗುವುದಿಲ್ಲ, ಗೆರೆಯ ತುದಿ ಕೊಕ್ಕೆಯಂತೆ ಬಾಗುತ್ತದೆ. ಹಾಳೆಯನ್ನು 90 ಡಿಗ್ರಿ ತಿರುಗಿಸಿಟ್ಟು ನಿಮ್ಮ ಸಹಜ ಬೀಸಿನಲ್ಲೇ ಎಳೆಯಿರಿ. ಹೊಸ ಮಸಿ ಮೊದಲ ದಿನ ತೆಳು ಬೂದುಬಣ್ಣ, ಗಾಳಿ ತಾಗಿ ಕಪ್ಪಾಗಲು ಕೆಲವು ದಿನ ಬೇಕು. ಸಾಲದೆಂದು ಅವತ್ತೇ ಎರಡನೇ ಪದರ ಎಳೆದರೆ ವಾರದಲ್ಲಿ ಹಲ್ಲುಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ವಾರ ಬಿಟ್ಟು, ಕೊಕ್ಕೆ ಹಲ್ಲಿಗೆ ತಾಗುವ ಜಾಗದಲ್ಲಷ್ಟೇ ಇನ್ನೊಂದು ಪದರ ಕೊಡಿ.