ಹಳೇ ಲ್ಯಾಪ್‌ಟಾಪ್ ಬ್ಯಾಟರಿ: ಎಸೆಯುವ ಮುಂಚೆ ಇಷ್ಟು ಮಾಡಿ

ರಿಪೇರಿಗೆ ಬಂದವರನ್ನು ನಾನು ಮೊದಲು ಕೇಳುವುದು ಇಷ್ಟೇ: ಚಾರ್ಜ್ ಒಂದೇ ಸಮ ಬೇಗ ಇಳಿಯುತ್ತಾ, ಇಲ್ಲಾ 30 ಪರ್ಸೆಂಟ್ ಇದೆ ಅಂತ ತೋರಿಸುತ್ತಲೇ ಟಕ್ ಅಂತ ಆಫ್ ಆಗುತ್ತಾ? ಎರಡನೆಯದಾದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಎಷ್ಟು ಚಾರ್ಜ್ ಉಳಿದಿದೆ ಅಂತ ಅಳೆಯುವ, ಬ್ಯಾಟರಿಯೊಳಗಿನ ಚಿಪ್ ಲೆಕ್ಕ ತಪ್ಪಿರಬಹುದು.

ಬ್ಯಾಟರಿ ತೆಗೆದು ಮಟ್ಟಸವಾದ ಮೇಜಿನ ಮೇಲಿಡಿ. ತೊಟ್ಟಿಲ ಹಾಗೆ ತೂಗಿದರೆ ಅದು ಉಬ್ಬಿದೆ ಅಂತ. ಮುಂದಿನದ್ದೇನೂ ಬೇಡ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ. ಕಸದ ಗಾಡಿಗಂತೂ ಹಾಕಲೇಬೇಡಿ, ಜಜ್ಜಿದರೆ ಬೆಂಕಿ ಹತ್ತುತ್ತದೆ.

ಉಬ್ಬಿಲ್ಲವಾ? ಪಿನ್ನುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿಸಿ ವಾಪಸ್ ಹಾಕಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಷ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ (powercfg /batteryreport) ಟೈಪ್ ಮಾಡಿದರೆ ಒಂದು ವರದಿ ಸಿಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯಬೇಕಿದ್ದಷ್ಟು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವಷ್ಟು) ಎರಡನ್ನೂ ಬರೆದಿಟ್ಟುಕೊಳ್ಳಿ.

ಈಗ ಲೆಕ್ಕ ಸರಿ ಮಾಡುವ ಕೆಲಸ. ಪೂರ್ತಿ ಚಾರ್ಜ್ ಮಾಡಿ, ಇನ್ನೆರಡು ಗಂಟೆ ಹಾಗೇ ಬಿಡಿ. ವೈರ್ ಕಿತ್ತು ಬಯಾಸ್ ಪರದೆಯಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ, ನಿಲ್ಲಿಸಿ. ಅಲ್ಲೇ ಯಾಕೆ? ವಿಂಡೋಸ್ ಓಡುತ್ತಿದ್ದರೆ 5 ಪರ್ಸೆಂಟ್ ಆಸುಪಾಸಿನಲ್ಲೇ ತಾನಾಗಿ ಮಲಗಿಬಿಡುತ್ತದೆ, ಬಯಾಸ್‌ನಲ್ಲಿ ಕೊನೇ ತನಕ ಇಳಿಯುತ್ತದೆ. ಆಫ್ ಆದಮೇಲೆ ಎರಡು ಮೂರು ಗಂಟೆ ತಣ್ಣಗಾಗಲಿ. ಆಮೇಲೆ ಮಧ್ಯೆ ನಿಲ್ಲಿಸದೆ ಪೂರ್ತಿ ತುಂಬಿಸಿ. ನಮ್ಮ ಕಡೆ ಹಗಲು ಕರೆಂಟ್ ಹೋಗಿ ಬರುತ್ತಿರುತ್ತದೆ ಅಲ್ವಾ, ಹಾಗಾಗಿ ನಾನು ಮನೆಯವರು ಎದ್ದಿರುವ ಸಂಜೆ ಹೊತ್ತಿಗೇ ಇಡಿ ಅಂತೀನಿ. ಹಳೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗುವುದು ನನಗೆ ಹಿಡಿಸಲ್ಲ.

ವರದಿ ಇನ್ನೊಮ್ಮೆ ತೆಗೆದು ನೋಡಿ. ಫುಲ್ ಚಾರ್ಜ್ ಕೆಪಾಸಿಟಿ ಏರಿದ್ದರೆ ಒಳ್ಳೇದು. ಸೆಲ್ ಸವೆದಿದ್ದು ಮಾತ್ರ ವಾಪಸ್ ಬರಲ್ಲ, ಸರಿಹೋಗುವುದು ಚಿಪ್‌ನ ಲೆಕ್ಕ ಅಷ್ಟೇ. ವಾರವಾರ ಹೀಗೆ ಖಾಲಿ ಮಾಡಿದರೆ ಲಿಥಿಯಂ ಬ್ಯಾಟರಿ ಇನ್ನೂ ಬೇಗ ಸವೆಯುತ್ತದೆ.

ಫ್ರಿಜ್‌ನಲ್ಲಿಟ್ಟರೆ ಜೀವ ಬರುತ್ತೆ ಅನ್ನೋದು ಸುಮ್ನೆ ಮಾತು. ಹೊರಗೆ ತೆಗೆದಾಗ ಒಳಗೆಲ್ಲ ನೀರ ಪಸೆ ಕೂರುತ್ತದೆ.

ಸೆಲ್ ಬದಲಿಸೋಣ ಅನ್ನುವವರಿಗೆ: ಹಳೇ ದಪ್ಪ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಆರು 18650 ಸೆಲ್ ಇರುತ್ತವೆ, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಸೆಲ್‌ಗಳನ್ನು ಜೋಡಿಸುವ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ (ಕ್ಷಣಮಾತ್ರ ಕರೆಂಟ್ ಹಾಯಿಸಿ ಬೆಸೆಯುವುದು) ಮಾಡಬೇಕು. ನೇರ ಸೋಲ್ಡರ್ ಹಾಕಿದರೆ ಶಾಖಕ್ಕೆ ಸೆಲ್ ಹಾಳು. ಇಷ್ಟೆಲ್ಲ ಮಾಡಿದರೂ ಸೆಲ್ ಬಿಚ್ಚಿದ ಕೂಡಲೇ ಲಾಕ್ ಆಗುವ ಚಿಪ್‌ಗಳು ಜಾಸ್ತಿ. ತಿಂಗಳುಗಟ್ಟಲೆ ಬಿದ್ದು 2 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ಲನ್ನಂತೂ ಬೇರೆ ಚಾರ್ಜರ್‌ನಿಂದ ಎಬ್ಬಿಸಲು ಹೋಗಬೇಡಿ. ಒಳಗಿನ ತಾಮ್ರ ಕರಗಿ ಶಾರ್ಟ್ ಆಗುವ ಅಪಾಯವಿದೆ. ಅದರ ಬದಲು ಹೊಸ ಪ್ಯಾಕ್ ತಗೊಳ್ಳಿ.

ಬದುಕಿಕೊಂಡ ಬ್ಯಾಟರಿಗೆ, ಸೆಟ್ಟಿಂಗ್ಸ್‌ನಲ್ಲಿ ಅವಕಾಶ ಇದ್ದರೆ, 80ಕ್ಕೆ ಚಾರ್ಜ್ ನಿಲ್ಲುವ ಹಾಗೆ ಮಾಡಿ. ಕರೆಂಟ್ ಹೋದಾಗ ಫೈಲ್ ಸೇವ್ ಮಾಡುವಷ್ಟು ಹೊತ್ತು ನಿಂತರೂ ಯುಪಿಎಸ್ ಖರ್ಚು ಉಳಿಯುತ್ತದೆ.