ಹಳೇ ಕಂಪ್ಯೂಟರ್ ಮಾರುವ ಮುನ್ನ ಡಿಸ್ಕ್ ಪೂರ್ತಿ ಅಳಿಸಿ

ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿ ಮಾರಬೇಡಿ. ಅದರಿಂದ ಹೋಗುವುದು ಫೈಲ್‌ಗಳ ಪಟ್ಟಿ ಮಾತ್ರ. ಹಾರ್ಡ್ ಡಿಸ್ಕ್‌ನಲ್ಲಿ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫೋಟೋ ಎಲ್ಲ ಹಾಗೇ ಉಳಿದಿರುತ್ತವೆ. ಫೋಟೋರೆಕ್‌ನಂಥ ಉಚಿತ ತಂತ್ರಾಂಶದಲ್ಲೇ ಹೊರತೆಗೆಯಬಹುದು.

ಬ್ಯಾಕಪ್ ತೆಗೆದುಕೊಂಡು, ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರೀಸೆಟ್ ಪಿಸಿ, ‘ರಿಮೂವ್ ಎವೆರಿಥಿಂಗ್’ಗೆ ಹೋಗಿ. ಬಹಳ ಜನ ಎಡವುವುದು ಇದಾದ ಮೇಲೆ: ‘ಚೇಂಜ್ ಸೆಟ್ಟಿಂಗ್ಸ್’ ಒತ್ತಿ ‘ಕ್ಲೀನ್ ಡೇಟಾ’ ಆನ್ ಮಾಡಲೇಬೇಕು. 1 ಟಿಬಿ ಹಾರ್ಡ್ ಡಿಸ್ಕಿಗೆ ಹಲವು ಗಂಟೆ ಹಿಡಿಯುತ್ತದೆ, ಚಾರ್ಜರ್ ತೆಗೆಯಬೇಡಿ. ಇದು ಹಳೆಯ ಡೇಟಾದ ಮೇಲೆ ಬೇರೆ ಡೇಟಾ ಬರೆದು ಅಳಿಸುತ್ತದೆ. ಡಿಸ್ಕ್ ತುಂಬ ಹೀಗೆ ಒಮ್ಮೆ ಬರೆದರೆ ಸಾಕು, ಕೆಲವರು ಹೇಳುವಂತೆ ಏಳು ಸಲ ಬೇಕಿಲ್ಲ.

ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಈ ದಾರಿ ಪೂರ್ತಿ ನೆಚ್ಚುವಂಥದ್ದಲ್ಲ. ಅದರೊಳಗಿನ ನಿಯಂತ್ರಕ ಚಿಪ್ (ಕಂಟ್ರೋಲರ್) ಹೊಸ ಡೇಟಾವನ್ನು ಬೇರೆ ಸೆಲ್‌ಗಳಿಗೆ ಬರೆಯುವುದರಿಂದ ಹಳೆಯದು ಉಳಿದುಬಿಡಬಹುದು. ತಯಾರಕರ ಟೂಲ್ ಅಥವಾ ಬಯೋಸ್‌ನಲ್ಲಿರುವ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಸೆಟ್ಟಿಂಗ್ಸ್) ‘ಸೆಕ್ಯೂರ್ ಇರೇಸ್’ ಬಳಸಿ.